ತೋಟ ಮಾರಿದ ಮೇಲೆ ಒರಳು ಯಾರದು?

ಚಿಕ್ಕಬಳ್ಳಾಪುರದಲ್ಲಿ ನಾನು ವಕೀಲಿ ಶುರು ಮಾಡಿದಾಗ ತೋಟ ಕೊಳ್ಳುವವರೇ ಜಾಸ್ತಿ ಬರುತ್ತಿದ್ದರು. ಈಗ ಮಾರುವವರೂ ಅಷ್ಟೇ ಬರುತ್ತಾರೆ. ನಂದಿ ಬೆಟ್ಟದ ಬುಡದಲ್ಲೋ ಮುದ್ದೇನಹಳ್ಳಿ ಕಡೆಯೋ ಅಪ್ಪ ಎರಡು ಎಕರೆ ಮಾಡಿಟ್ಟಿರುತ್ತಾರೆ. ಹೆಂಚಿನ ಮನೆ, ಹತ್ತು ಮಾವಿನ ಮರ, ಒಂದು ಬೋರ್‌ವೆಲ್. ಅಪ್ಪ ಹೋದ ಮೇಲೆ ಬೋರ್‌ವೆಲ್ಲೂ ಕೈಕೊಡುತ್ತದೆ. ಬೆಂಗಳೂರಿನ ಮಕ್ಕಳು ವಾರಕ್ಕೊಮ್ಮೆ ಬರುತ್ತಿದ್ದವರು ತಿಂಗಳಿಗೊಮ್ಮೆ ಬರುತ್ತಾರೆ. ಆಮೇಲೆ ಹಬ್ಬಕ್ಕೆ ಮಾತ್ರ.

ಹೀಗೆ ಬಂದವರು ನನ್ನೆದುರು ಕೂತು ಮೊದಲು ರೇಟಿನ ಮಾತು ಎತ್ತುವುದಿಲ್ಲ. ಹೋದ ವರ್ಷ ಒಬ್ಬ ಅಕ್ಕ, ಇಬ್ಬರು ತಮ್ಮಂದಿರು ಬಂದಿದ್ದರು. ಎರಡು ಎಕರೆ ಹತ್ತು ಗುಂಟೆ. ಕೊಳ್ಳುವವರು ಪಕ್ಕದ ಹಳ್ಳಿಯ ಹೂವಿನ ಬೆಳೆಗಾರರು. ಅಕ್ಕ ಕೇಳಿದ್ದು ಇಷ್ಟು: “ಸಾರ್, ಆ ಹುಣಸೆ ಮರ ಕಡೀಬಾರ್ದು ಅಂತ ಪತ್ರದಲ್ಲಿ ಬರೆಸಬಹುದಾ?”

ಬರೆಸಬಹುದು. ಆದರೆ ನಿಲ್ಲುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಜಮೀನನ್ನು ಪೂರ್ತಿ ಮಾರಿದ ಮೇಲೆ, ಅದನ್ನು ಹೀಗೇ ಇಟ್ಟುಕೊಳ್ಳಿ, ಹೀಗೇ ಬಳಸಿ ಎಂದು ಕೊಂಡವರ ಕೈ ಕಟ್ಟಲು ಆಗುವುದಿಲ್ಲ. ಪಕ್ಕದಲ್ಲೇ ನಿಮ್ಮದೇ ಜಮೀನು ಉಳಿದಿದ್ದು, ಅದರ ಅನುಕೂಲಕ್ಕೆ ಹಾಕಿದ ಷರತ್ತಾದರೆ ಮಾತು ಬೇರೆ. ಪ್ರೀತಿಗಾಗಿ ಹಾಕಿದ ಷರತ್ತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಕೊಳ್ಳುವ ಬೆಳೆಗಾರರಂತೂ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು: “ಅಕ್ಕಾ, ನಾನು ಗುಲಾಬಿ ಇಡೋನು. ಹುಣಸೆ ನೆರಳಲ್ಲಿ ಗುಲಾಬಿ ಬರಲ್ಲ.” ಇಂಥ ನೇರ ಮಾತಿನವರು ಸಿಕ್ಕಿದರೆ ನನಗೆ ಖುಷಿ. “ಆಯ್ತು ಬಿಡಿ, ಕಡಿಯಲ್ಲ” ಎಂದು ತಲೆಯಾಡಿಸುವವರಿಂದಲೇ ಆಮೇಲೆ ಜಗಳ ಹುಟ್ಟುವುದು.

ನಮ್ಮ ಕಡೆ ಕ್ರಯಪತ್ರಗಳಲ್ಲಿ ಒಂದು ಹಳೇ ಸಾಲು ಇದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ. ಅಷ್ಟಭೋಗ ಅನ್ನುತ್ತಾರೆ. ವಿಜಯನಗರ ಕಾಲದ ದಾನಶಾಸನಗಳಲ್ಲೂ ಇದೇ ಪಟ್ಟಿ. ಹೂತಿಟ್ಟ ಹಣ, ನೀರು, ಕಲ್ಲು, ಈಗ ಬರುತ್ತಿರುವ ಫಲ, ಮುಂದೆ ಬರಬಹುದಾದ ಫಲ, ಎಲ್ಲವೂ ಹೋಯಿತು ಅಂತ ಅರ್ಥ. ಪತ್ರ ಬರೆಯುವವರು ಇದನ್ನು ಸರಸರನೆ ಓದಿಬಿಡುತ್ತಾರೆ. ನಾನು ಮಾತ್ರ ಮಾರುವವರಿಗೆ ಬಿಡಿಸಿ ಹೇಳುತ್ತೇನೆ. ಅದಾದ ಮೇಲೇ ಅವರ ಬಾಯಿಂದ ನಿಜವಾದ ಪಟ್ಟಿ ಹೊರಬರುವುದು. ಮರ, ಬಾಗಿಲು, ಒರಳು, ಅಪ್ಪನ ಸಮಾಧಿ.

ಸಮಾಧಿ ವಿಷಯ ದೊಡ್ಡದು. ನಮ್ಮ ಭಾಗದಲ್ಲಿ ಎಷ್ಟೋ ಮನೆತನಗಳು ಹಿರಿಯರನ್ನು ಸ್ವಂತ ಜಮೀನಿನಲ್ಲೇ ಮಣ್ಣು ಮಾಡುತ್ತವೆ. ಮಹಾಲಯ ಅಮಾವಾಸ್ಯೆಗೆ ಬಂದು ಎಡೆ ಇಡುತ್ತೇವೆ, ಅಷ್ಟಕ್ಕೆ ಬಿಟ್ಟರೆ ಸಾಕು ಅಂತಾರೆ. ಕೊಳ್ಳುವವರೂ “ಬನ್ನಿ ಬನ್ನಿ, ಯಾರು ಬೇಡ ಅಂತಾರೆ” ಅಂತಾರೆ. ಆ ಮಾತು ಸುಳ್ಳಲ್ಲ. ಆದರೆ ಕಾನೂನಿನ ಕಣ್ಣಲ್ಲಿ ಅದು ಬರೀ ಅನುಮತಿ. ಸಾಮಾನ್ಯವಾಗಿ ಕೊಟ್ಟವರು ವಾಪಸ್ ತೆಗೆದುಕೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ, ಅವರು ನಾಳೆ ಇನ್ನೊಬ್ಬರಿಗೆ ಮಾರಿದರೆ ಆ ಇನ್ನೊಬ್ಬರಿಗೆ ಈ ಅನುಮತಿ ಅಂಟುವುದಿಲ್ಲ. ಬೇರೆಯವರ ನೆಲ ಬಳಸುವ ಹಕ್ಕಿನ ಬಗ್ಗೆ ಇರುವ ಅನುಭೋಗದ ಹಕ್ಕುಗಳ ಕಾಯ್ದೆಯಲ್ಲೇ ಹಾಗಿದೆ. ಅದೂ 1882ರದ್ದೇ. ದಾರಿಯ ಹಕ್ಕು ಗಟ್ಟಿಯಾಗಬೇಕಾದರೆ ಆ ದಾರಿ ತಲುಪುವ ಕಡೆ ನಿಮ್ಮದು ಅನ್ನುವ ನೆಲ ಇರಬೇಕು.

ಹಾಗಾಗಿ ಸಮಾಧಿ ಇದ್ದರೆ ಎರಡೇ ದಾರಿ ಅಂತ ನಾನು ಹೇಳುವುದು. ಒಂದಿಷ್ಟು ಗುಂಟೆ ನಿಮ್ಮ ಹೆಸರಲ್ಲೇ ಉಳಿಸಿಕೊಳ್ಳಿ. ಇಲ್ಲವಾದರೆ ಮಾರುವ ಮುಂಚೆ ಮಾಡಬೇಕಾದ ಶಾಸ್ತ್ರ ಮಾಡಿ, ಬಿಟ್ಟುಕೊಡಿ. ನಡುವಿನ ದಾರಿಯಲ್ಲಿ ಹೋದವರು ಹತ್ತು ವರ್ಷದ ಮೇಲೆ ಬೇಲಿಯಾಚೆ ನಿಂತು ಎಡೆ ಇಟ್ಟಿದ್ದನ್ನು ನಾನು ನೋಡಿದ್ದೇನೆ.

ಈ ಮನೆಯವರು ಉಳಿಸಿಕೊಳ್ಳುತ್ತೇವೆ ಅಂದರು. ಸಮಾಧಿ ರಸ್ತೆ ಬದಿಯ ಮೂಲೆಯಲ್ಲೇ ಇತ್ತು, ಹಾಗಾಗಿ ದಾರಿ ಬಿಡುವ ಪ್ರಶ್ನೆಯೇ ಬರಲಿಲ್ಲ. ಐದು ಗುಂಟೆ ಬಿಟ್ಟು ಮಿಕ್ಕಿದ್ದು ಮಾರಾಟ. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಬೇಕು. ಸರ್ವೆಯವರು ಬಂದು ಅಳೆದು, ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಅಂತ ಗೆರೆ ಹಾಕಿಕೊಡಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಅಡ್ವಾನ್ಸ್ ತೆಗೆದುಕೊಂಡ ಮೇಲೆ ಅರ್ಜಿ ಹಾಕಿ ಒದ್ದಾಡುವುದಕ್ಕಿಂತ ಮುಂಚೆಯೇ ಹಾಕಿ.

ಪೇಪರ್ ವಿಷಯಕ್ಕೆ ಬಂದರೆ, ಅಪ್ಪ ಹೋಗಿ ಎಂಟು ವರ್ಷವಾದರೂ ಪಹಣಿಯ ಒಂಬತ್ತನೇ ಕಾಲಂನಲ್ಲಿ, ಅಂದರೆ ಮಾಲೀಕರ ಜಾಗದಲ್ಲಿ, ಅವರ ಹೆಸರೇ ಕೂತಿತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರಲಿಲ್ಲ. ತಮ್ಮಂದಿರು “ನಾವಿಬ್ಬರೇ ಸಹಿ ಹಾಕಿದರೆ ಸಾಲದಾ?” ಅಂದರು. ಅಕ್ಕ ಪಕ್ಕದಲ್ಲೇ ಕೂತಿದ್ದರು! ಅಪ್ಪನ ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ ಅಂದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೂ ಹೀಗೇ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹಕ್ಕು 1994ರಲ್ಲಿ ಕರ್ನಾಟಕದಲ್ಲಿ, 2005ರಲ್ಲಿ ದೇಶಕ್ಕೆಲ್ಲ ಬಂತು. ಇಷ್ಟು ವರ್ಷವಾದರೂ ಈ ಪ್ರಶ್ನೆ ನನ್ನ ಆಫೀಸಿನಲ್ಲಿ ನಿಂತಿಲ್ಲ.

ಹನ್ನೊಂದನೇ ಕಾಲಂ ಕೂಡ ನೋಡಿ. ತೀರಿಸಿದ ಬೆಳೆ ಸಾಲ ಅಲ್ಲಿ ಹಾಗೇ ಉಳಿದಿರುತ್ತದೆ. ಹಳೇ ಪತ್ರದಲ್ಲಿ ‘ಕೋಲಾರ ಜಿಲ್ಲೆ’ ಅಂತ ಇದ್ದರೆ ಗಾಬರಿ ಬೇಡ, ನಮ್ಮದು ಜಿಲ್ಲೆ ಆಗಿದ್ದೇ 2007ರಲ್ಲಿ. ಗಾಬರಿ ಆಗಬೇಕಾದ್ದು ಬೇರೆ. ಆ ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅನ್ನುವುದು. ಹಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ತಡವಾಯಿತು ಎಂಬ ಕಾರಣಕ್ಕೆ ವಾಪಸ್ ಕೇಳುವ ಹಕ್ಕು ಹೋಗದಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ. ನಲವತ್ತು ವರ್ಷ ಅಪ್ಪ ನೀರು ಹಾಕಿದರು ಅನ್ನುವುದು ಅಲ್ಲಿ ಉತ್ತರವಲ್ಲ. ಆ ಜಮೀನು ಕಳೆದುಕೊಂಡ ಮನೆಯವರ ಕಡೆಯಿಂದ ನೋಡಿದರೆ ಅದು ಸರಿಯೂ ಹೌದು.

ತೆರಿಗೆ ಬಗ್ಗೆ ಎರಡು ಮಾತು ಹೇಳುತ್ತೇನೆ, ಮಿಕ್ಕಿದ್ದು ಆಡಿಟರ್ ಹತ್ತಿರ ಕೇಳಿ. ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ‘ಹಳ್ಳಿ’ ಅನ್ನುವುದಕ್ಕೆ ಅಳತೆ ಇದೆ. ಜನಸಂಖ್ಯೆ 10 ಸಾವಿರ ದಾಟಿ 1 ಲಕ್ಷದೊಳಗೆ ಇರುವ ಪಟ್ಟಣವಾದರೆ ಅದರ ಗಡಿಯಿಂದ 2 ಕಿಲೋಮೀಟರ್, 10 ಲಕ್ಷದವರೆಗೆ 6, ಅದಕ್ಕೂ ದೊಡ್ಡದಾದರೆ 8. ಅಷ್ಟು ದೂರದ ಆಚೆ ಇದ್ದರೆ ಮಾತ್ರ ಹಳ್ಳಿ. ಅದೂ ರಸ್ತೆ ಮೇಲಿನ ದೂರ ಅಲ್ಲ, ನೇರ ಗೆರೆಯ ದೂರ. ಮತ್ತೆ, ಅಲ್ಲಿ ಬೇಸಾಯ ನಡೆದಿರಬೇಕು. ಬರೀ ಹುಲ್ಲುಹಾಸು, ಉಯ್ಯಾಲೆ ಇದ್ದು, ಪಹಣಿಯ ಬೆಳೆ ಕಾಲಂ ಖಾಲಿ ಇದ್ದರೆ ವಾದ ಮಾಡುವುದು ಕಷ್ಟ. ಮನೆಯ ಬೆಲೆಗೆ ಬೇರೆ ಲೆಕ್ಕ ಬರಬಹುದು.

ಇನ್ನು ಉಳಿಸಿಕೊಳ್ಳಬಹುದಾದ್ದು. ಅಕ್ಕನಿಗೆ ಆ ವರ್ಷದ ಮಾವು ಬೇಕಿತ್ತು. ಅದು ಸುಲಭ. ನಿಂತ ಫಸಲು ಮಾರುವವರದು, ಜೂನ್ ಕೊನೆಗೆ ಸ್ವಾಧೀನ ಅಂತ ಕರಾರಿನಲ್ಲೂ ಕ್ರಯಪತ್ರದಲ್ಲೂ ಬರೆದೆವು. ತಾರೀಖು ಇರುವ ಆಸೆಗಳನ್ನು ಪತ್ರದಲ್ಲಿ ಕೂರಿಸಬಹುದು.

ಸಾಮಾನಿನ ವಿಷಯದಲ್ಲಿ ಒಂದು ತಮಾಷೆ ಇದೆ. ಬೀಸುವ ಕಲ್ಲು ನಿಮ್ಮದು, ಎತ್ತಿಕೊಂಡು ಹೋಗಬಹುದು. ನೆಲದಲ್ಲಿ ಹೂತ ಒರಳು ನೆಲದ ಜೊತೆ ಹೋಗುತ್ತದೆ. ಮಂಚ ನಿಮ್ಮದು, ಗೋಡೆಗೆ ಕೂರಿಸಿದ ಬಾಗಿಲು ಮನೆಯದು. ಬೇಕಾದರೆ ಬೇರೆ ಅಂತ ಬರೆಸಬೇಕು. ಈ ಅಕ್ಕನಿಗೆ ಅಡುಗೆಮನೆ ಹಿಂದಿನ ಒರಳು ಬೇಕಿತ್ತು. ಅವರ ಅಮ್ಮ ಅದರಲ್ಲೇ ರುಬ್ಬುತ್ತಿದ್ದರಂತೆ. ‘ಒರಳು ಒಂದು, ಜೂನ್ 30ರೊಳಗೆ ಮಾರುವವರು ತೆಗೆದುಕೊಂಡು ಹೋಗತಕ್ಕದ್ದು, ತಪ್ಪಿದರೆ ಕೊಂಡವರಿಗೆ ಸೇರತಕ್ಕದ್ದು’ ಅಂತ ಸೇರಿಸಿದೆ. ಬೆಳೆಗಾರರು ನಕ್ಕರು. “ಸಾರ್, ಒರಳಿಗೂ ಸಹಿನಾ?”

“ಹಾಕಿ” ಅಂದೆ.

ಜುಲೈನಲ್ಲಿ ಅಕ್ಕ ಫೋನ್ ಮಾಡಿದರು. ಮಾವಿನಕಾಯಿ ಇಳಿಸಿಕೊಂಡರಂತೆ. ಒರಳಿಗೆ ಕೊನೇ ವಾರ ಆಳು ಕರೆದುಕೊಂಡು ಹೋಗಿ ಅಗೆಸಿದರೆ, ಮೇಲೆ ಕಂಡಷ್ಟೇ ಕೆಳಗೂ ಇತ್ತಂತೆ ಕಲ್ಲು. ನಾಲ್ಕು ಜನ ಹಿಡಿದರೂ ಅಲ್ಲಾಡಲಿಲ್ಲ. ಆಮೇಲೆ ಮಳೆ, ಆಮೇಲೆ ತಾರೀಖು ಮುಗಿಯಿತು. “ಈಗ ಅದು ಅವರದೇ ಅಲ್ವಾ ಸಾರ್?” ಅಂತ ಕೇಳಿದರು. ಹೌದು ಅಂದೆ. ಅಗೆದ ಗುಂಡಿ ಮುಚ್ಚಿಸಿ, ಒರಳಿಗೆ ನೀರು ತುಂಬಿಸಿ ಬೆಳೆಗಾರರು ನಾಯಿಗೆ ಬಿಟ್ಟಿದ್ದಾರಂತೆ.