ಬಚ್ಚಿಟ್ಟು ತಂದ ಕಾಫಿ, ಬಚ್ಚಿಟ್ಟರೆ ಕೇಸು

ಬಾಬಾ ಬುಡನ್ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದ ಕಥೆ ಚಿಕ್ಕಮಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? 17ನೇ ಶತಮಾನದಲ್ಲಿ ಹಜ್ ಮುಗಿಸಿ, ಯೆಮೆನ್‌ನ ಮೋಖಾದಿಂದ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರಂತೆ. ಮೊಳೆಯುವ ಬೀಜ ಹೊರಗೆ ಹೋಗದ ಹಾಗೆ ಯೆಮೆನ್‌ನಲ್ಲಿ ಕಾವಲಿತ್ತಂತೆ. ಸೊಂಟಕ್ಕೆ ಕಟ್ಟಿಕೊಂಡಿದ್ದರು ಅನ್ನುವವರೂ ಇದ್ದಾರೆ, ಗಡ್ಡದಲ್ಲಿ ಅನ್ನುವವರೂ ಇದ್ದಾರೆ. ಇರಲಿ ಬಿಡಿ.

ಅದೇ ಬೆಟ್ಟದ ಬುಡದಲ್ಲಿ ಮುಂದೆ ಬೆಳೆಗಾರ ತನ್ನದೇ ಕಾಫಿಯನ್ನು ಬಚ್ಚಿಟ್ಟು ಮಾರಿದರೆ ಅಪರಾಧ ಅನ್ನುವ ಕಾಲ ಬಂತು. ಅದರ ಬಗ್ಗೆ ಮಾತು ಕಡಿಮೆ.

ಶುರುವಾಗಿದ್ದು ಒಳ್ಳೆಯದಕ್ಕೇ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು. ಕಾಫಿ ಕೇಳುವವರಿಲ್ಲ. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ ಬಂತು. ನೋಂದಾಯಿತ ತೋಟದ ಫಸಲೆಲ್ಲ ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸುವ ದಾಸ್ತಾನಿಗೆ, ಹೋಗಬೇಕು. ಮನೆ ಖರ್ಚಿಗೆ, ಬಿತ್ತನೆಗೆ ಒಂದಿಷ್ಟು ಉಳಿಸಿಕೊಳ್ಳಬಹುದು, ಅಷ್ಟೇ. ಮಾರುವುದು, ರಫ್ತು ಮಾಡುವುದು ಎಲ್ಲ ಮಂಡಳಿಯದು.

ತೊಂದರೆ ಇದ್ದದ್ದು ದುಡ್ಡು ಬರುವ ರೀತಿಯಲ್ಲಿ. ಮಂಡಳಿ ಕಂತಿನಲ್ಲಿ ಕೊಡುತ್ತಿತ್ತು, ಅದೂ ಮಾರಾಟವಾದ ಹಾಗೆಲ್ಲ. ಕೊಯ್ಲಿನ ಕೂಲಿ, ಗೊಬ್ಬರ, ಮನೆಯ ಮದುವೆ ಕಂತಿಗೆ ಕಾಯುತ್ತವೆಯೇ? ಕೈಗೆ ನಗದು ಕೊಡುವ ವ್ಯಾಪಾರಿ ಸಿಕ್ಕರೆ ಒಂದೆರಡು ಚೀಲ ಚೆರ್ರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಲೆಕ್ಕಕ್ಕೆ ಸಿಗದೆ ಜಾರುವ ಆಸೆ ಸಹಜ. ಸಣ್ಣ ಬೆಳೆಗಾರನನ್ನು ಕಳ್ಳ ಅನ್ನೋಕೆ ನನಗಂತೂ ಮನಸ್ಸು ಬರಲ್ಲ.

ಇನ್ನೂ ವಿಚಿತ್ರ ಅಂದ್ರೆ, ಪೂಲ್‌ಗೆ ಕೊಟ್ಟದ್ದು ಮಾರಾಟವೋ, ಸರ್ಕಾರ ಕಡ್ಡಾಯವಾಗಿ ತೆಗೆದುಕೊಂಡದ್ದೋ ಅನ್ನುವ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1988ರಲ್ಲಿ ಕೋರ್ಟ್ ಅದು ಮಾರಾಟವೇ, ತೆರಿಗೆ ಬೀಳುತ್ತದೆ ಎಂದಿತು. ಬೇರೆಯವರಿಗೆ ಮಾರುವ ಹಾಗಿಲ್ಲ, ಆದರೂ ಮಾರಾಟ!

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ, ಅಂದರೆ ಯಾವ ದೇಶ ಎಷ್ಟು ರಫ್ತು ಮಾಡಬಹುದು ಅನ್ನುವ ಮಿತಿ, ಮುರಿದು ಬೆಲೆ ನೆಲ ಕಚ್ಚಿತು. ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಪೂಲ್ ಹಿಡಿತ ಸಡಿಲಿಸದೆ ವಿಧಿಯಿರಲಿಲ್ಲ. ಮೊದಲು ಫಸಲಿನ ಒಂದು ಪಾಲು ಮಾತ್ರ ಸ್ವಂತ ಮಾರಾಟಕ್ಕೆ ಬಿಟ್ಟರು, ಆಮೇಲೆ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರಲ್ಲಿ ಎಲ್ಲರಿಗೂ. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಕೊರೆಯುವ ಹಿಮಕ್ಕೆ ಕಾಫಿ ಬೆಳೆ ಹಾಳಾಗಿ ಬೆಲೆ ಏರಿತ್ತು. ಕೈಯಲ್ಲಿ ಕಾಫಿ ಇದ್ದವರಿಗೆ ಅದೃಷ್ಟ.

ಈಗ ಮೂಡಿಗೆರೆಯಲ್ಲಾಗಲಿ, ಸಕಲೇಶಪುರದಲ್ಲಾಗಲಿ ಹಗಲಲ್ಲೇ ಲಾರಿಗೆ ಚೀಲ ತುಂಬಬಹುದು. 2001ರ ಸುಮಾರಿಗೆ ಬೆಲೆ ಮತ್ತೆ ಕುಸಿದಾಗ ಮಾತ್ರ, ಆ ನಷ್ಟ ಹಂಚಿಕೊಳ್ಳೋಕೆ ಪೂಲ್ ಇರಲಿಲ್ಲ.