ಪ್ಯಾನೆಲ್ ಆಮೇಲೆ, ಮೊದಲು ಬಿಲ್ ಕಟ್ಟು ಬಿಚ್ಚಿ

"ನಮ್ಮೂರನ್ನೂ ಸೋಲಾರ್ ಊರು ಮಾಡ್ಬೇಕು ಸಾರ್, ಎಷ್ಟು ಪ್ಯಾನೆಲ್ ಬೇಕಾಗುತ್ತೆ?" ಪಂಚಾಯ್ತಿಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ. ಹಿಂದಿನ ಒಂದು ವರ್ಷದ ಕರೆಂಟ್ ಬಿಲ್ ತೆಗೆಯಿರಿ, ಆಮೇಲೆ ಪ್ಯಾನೆಲ್ ಮಾತು ಅನ್ನುತ್ತೇನೆ.

ಬಿಲ್‌ಗಳನ್ನು ಆರ್‌ಆರ್ ನಂಬರ್ (ಪ್ರತಿ ಸಂಪರ್ಕಕ್ಕೆ ಇರುವ ಬೇರೆ ಬೇರೆ ನಂಬರ್) ಪ್ರಕಾರ ಬರೆಯುತ್ತಾ ಹೋದರೆ ಊರಿನ ಕಥೆ ತಾನಾಗೇ ಹೊರಗೆ ಬರುತ್ತದೆ. ಕಚೇರಿಯ ಫ್ಯಾನು, ಕಂಪ್ಯೂಟರ್ ಲೆಕ್ಕಕ್ಕೇ ಇಲ್ಲ. ದುಡ್ಡು ನುಂಗುವುದು ಕುಡಿಯುವ ನೀರಿನ ಮೋಟರ್ ಮತ್ತು ಬೀದಿ ದೀಪ. ಕೆಲವು ಕಡೆ ಬತ್ತಿಹೋದ ಬೋರ್‌ವೆಲ್‌ನ ಮೀಟರ್‌ಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟುತ್ತಲೇ ಇರುತ್ತಾರೆ. ಅದಕ್ಕೆ ಸೋಲಾರ್ ಬೇಡ, ಸಂಪರ್ಕ ತೆಗೆಸಲು ಒಂದು ಅರ್ಜಿ ಸಾಕು.

ಬೀದಿ ದೀಪದ ಲೆಕ್ಕ ನೋಡಿ. ಹಳೇ 70 ವ್ಯಾಟ್ ಸೋಡಿಯಂ ದೀಪ ಚೋಕ್ ಸೇರಿ ಸುಮಾರು 80 ವ್ಯಾಟ್ ಎಳೆಯುತ್ತದೆ. ಅಂಥ 100 ದೀಪ ರಾತ್ರಿ 11 ಗಂಟೆ ಉರಿದರೆ 88 ಯೂನಿಟ್. 24 ವ್ಯಾಟ್ ಎಲ್‌ಇಡಿ ಹಾಕಿದರೆ 26 ಯೂನಿಟ್ ಚಿಲ್ಲರೆ. ದಿನಕ್ಕೆ ಸುಮಾರು 60 ಯೂನಿಟ್ ಉಳಿಯಿತು. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ 15 ಕಿಲೋವ್ಯಾಟ್ ಪ್ಯಾನೆಲ್ ಕೊಳ್ಳುವ ಖರ್ಚೇ ತಪ್ಪಿತು, ಅಲ್ವಾ?

ಇನ್ನು ನೀರು. 10 ಎಚ್‌ಪಿ ಮೋಟರ್ ಗಂಟೆಗೆ 8-9 ಯೂನಿಟ್ ತಿನ್ನುತ್ತದೆ. ಬೆಳಗಿನ ಜಾವ ನೀರು ಬಿಡಬೇಕು ಅಂತ ನೀರುಗಂಟಿ ರಾತ್ರಿಯೇ ಮೋಟರ್ ಹಾಕಿರುತ್ತಾನೆ. ಅದನ್ನೇ ಹಗಲಿಗೆ ಬದಲಾಯಿಸಿ, ಬಿಸಿಲಿರುವಾಗ ಟ್ಯಾಂಕ್ ತುಂಬಿಸಿಟ್ಟರೆ ಆ ಓವರ್‌ಹೆಡ್ ಟ್ಯಾಂಕೇ ಬ್ಯಾಟರಿ. ಟ್ಯಾಂಕ್ ಚಿಕ್ಕದಿದ್ದರೆ ಇನ್ನೊಂದು ಕಟ್ಟಿಸಿ. ಬ್ಯಾಟರಿಗೆ ಸುರಿಯುವ ದುಡ್ಡಿಗಿಂತ ಸಿಮೆಂಟಿಗೆ ಹಾಕಿದ್ದು ಜಾಸ್ತಿ ವರ್ಷ ಬಾಳುತ್ತದೆ. ಆದರೆ ಈ ಮಾತುಕತೆಯಲ್ಲಿ ನೀರುಗಂಟಿ ಇರಲೇಬೇಕು. ಯಾವ ಓಣಿಗೆ ಎಷ್ಟು ಹೊತ್ತು ನೀರು ಬೇಕು ಅನ್ನುವುದು ಅವನಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರ್‌ಗೂ ಗೊತ್ತಿರುವುದಿಲ್ಲ.

ಶಾಲೆ ತಾರಸಿ ಖಾಲಿ ಇದೆ, ಅಲ್ಲಿ ಪ್ಯಾನೆಲ್ ಹಾಕೋಣ ಅನ್ನುತ್ತಾರೆ. ಹಾಕಬಹುದು. ಆದರೆ ಶಾಲೆಯದು ಒಂದು ಆರ್‌ಆರ್ ನಂಬರ್, ಮೋಟರ್‌ದು ಇನ್ನೊಂದು. ಅಲ್ಲಿನ ಯೂನಿಟ್ ಇಲ್ಲಿನ ಬಿಲ್‌ನಲ್ಲಿ ಕಳೆಯುತ್ತಾರೋ ಇಲ್ಲವೋ ಅಂತ ಕರೆಂಟ್ ಕಂಪನಿಯವರಿಂದ (ಎಸ್ಕಾಂ) ಮೊದಲೇ ಬರೆಸಿಕೊಳ್ಳಿ. ಇನ್ನೊಂದು ವಿಷಯ: ಬ್ಯಾಟರಿ ಇಲ್ಲದ ಸಾಮಾನ್ಯ ಆನ್‌ಗ್ರಿಡ್ ಸೋಲಾರ್, ಅಂದರೆ ಕರೆಂಟ್ ಲೈನ್‌ಗೇ ಜೋಡಿಸಿದ್ದು, ಕರೆಂಟ್ ಹೋದ ಕೂಡಲೇ ತಾನೂ ಆಫ್ ಆಗುತ್ತದೆ. ಲೈನ್ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ. ಇದನ್ನು ಗ್ರಾಮಸಭೆಯಲ್ಲೇ ಹೇಳಿ. ಇಲ್ಲದಿದ್ದರೆ ಉದ್ಘಾಟನೆಯಾದ ವಾರಕ್ಕೇ ಬೈಗುಳ ಶುರು.

ಮನೆಗಳ ಮಾತು ಬೇರೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ 2023ರಿಂದ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಯವರು ಕೈಯಿಂದ ಸಾವಿರಾರು ರೂಪಾಯಿ ಯಾಕೆ ಹಾಕುತ್ತಾರೆ? ಅವರನ್ನು ಸುಮ್ನೆ ಒತ್ತಾಯ ಮಾಡಬೇಡಿ. ಹಿಟ್ಟಿನ ಗಿರಣಿ, ಹಾಲಿನ ಡೇರಿ, ಕಲ್ಯಾಣ ಮಂಟಪ, ಇವರನ್ನು ಹಿಡಿಯಿರಿ. ಬಿಲ್ ಕಟ್ಟುವವರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ.

ಗುಜರಾತಿನ ಮೊಢೇರಾ ಥರ ಮಾಡೋಣ ಅನ್ನುವವರೂ ಇದ್ದಾರೆ. 2022ರಲ್ಲಿ ಘೋಷಣೆಯಾದ ಆ ಸೋಲಾರ್ ಊರಿಗೆ 6 ಮೆಗಾವ್ಯಾಟ್ ಘಟಕ, ದೊಡ್ಡ ಬ್ಯಾಟರಿ, ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ ಪ್ಯಾನೆಲ್ ಬಂದವು. ಕೇಂದ್ರ, ರಾಜ್ಯ ಸರ್ಕಾರ ಸೇರಿ ಸುಮಾರು 80 ಕೋಟಿ ಹಾಕಿದವು. ನಮ್ಮ ಪಂಚಾಯ್ತಿಗೆ ಅಷ್ಟು ಯಾರು ಕೊಡುತ್ತಾರೆ? ನಾನು ಬಿಹಾರದ ಧರ್ನೈ ಹಳ್ಳಿಯ ಕಥೆ ಹೇಳುತ್ತೇನೆ. 2014ರಲ್ಲಿ ಪರಿಸರ ಸಂಸ್ಥೆ ಗ್ರೀನ್‌ಪೀಸ್ ಅಲ್ಲಿ 100 ಕಿಲೋವ್ಯಾಟ್‌ನ ಮೈಕ್ರೋಗ್ರಿಡ್, ಅಂದರೆ ಊರಿಗಷ್ಟೇ ಕರೆಂಟ್ ಕೊಡುವ ಪುಟ್ಟ ಸೋಲಾರ್ ಜಾಲ ಹಾಕಿತು. ಹೆಚ್ಚು ದಿನ ಆಗಲಿಲ್ಲ, ಸರ್ಕಾರಿ ಲೈನ್ ಬಂತು, ಅದರ ದರವೂ ಕಡಿಮೆ. ಬ್ಯಾಟರಿ ಸೋತಿತು, ಬದಲಾಯಿಸುವವರಿಲ್ಲ. ಕೊನೆಗೆ ಘಟಕವೇ ನಿಂತುಹೋಯಿತು.

ಅದಕ್ಕೇ ನನ್ನ ಪಟ್ಟಿಯಲ್ಲಿ ಟೆಂಡರ್‌ಗಿಂತ ಮುಂಚೆ ಒಂದು ಬ್ಯಾಂಕ್ ಖಾತೆ ಬರುತ್ತದೆ. ಬಿಲ್‌ನಲ್ಲಿ ಉಳಿದ ದುಡ್ಡಿನ ಒಂದು ಪಾಲು ಪ್ರತಿ ತಿಂಗಳು ಅದಕ್ಕೆ ಬೀಳಬೇಕು. ಪ್ಯಾನೆಲ್ ಕರೆಂಟನ್ನು ಬಳಸುವ ಹಾಗೆ ಬದಲಾಯಿಸುವ ಇನ್ವರ್ಟರ್ ಹತ್ತು ವರ್ಷದೊಳಗೆ ಬದಲಾಯಿಸಬೇಕಾದೀತು, ಅದಕ್ಕೆ ಈ ದುಡ್ಡು. ಪ್ಯಾನೆಲ್ ತೊಳೆಯುವವರ ಕೂಲಿಯೂ ಇದರಲ್ಲೇ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಒಣಗುವ ಮೊದಲೇ ಒರೆಸಬೇಕು. ಖಾತೆಗೆ ಯಾರ ಸಹಿ, ತೊಳೆಯುವವರು ಯಾರು, ಇವೆರಡೂ ಗ್ರಾಮಸಭೆಯ ನಡಾವಳಿಯಲ್ಲಿ ಬರೆದ ಮೇಲೆ ಟೆಂಡರ್ ಕರೆಯಿರಿ.