ನಿಕ್ಕಲ್ ಅಲರ್ಜಿ: ಇಷ್ಟು ದಿನ ಇಲ್ಲದ್ದು ಈಗ್ಯಾಕೆ?

ತುಮಕೂರಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಹೋದ ಬೇಸಿಗೆಯಲ್ಲಿ ಎಡಗಿವಿಯ ಹಿಂದೆ ತುರಿಕೆ ಶುರುವಾಯಿತು. ಮೊದಲು ಕೆಂಪಗಾಯಿತು. ಆಮೇಲೆ ಸಣ್ಣ ಗುಳ್ಳೆ ಎದ್ದು, ನೀರು ಸೋರಿ, ಹಕ್ಕಳೆ ಕಟ್ಟಿತು. ‘ನಂಜಾಗಿದೆ’ ಅಂದರು ಮನೆಯವರೆಲ್ಲ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದ್ದಾಯಿತು, ಬದನೆಕಾಯಿ ಬಿಟ್ಟಿದ್ದಾಯಿತು. ಓಲೆ ತೆಗೆದಿಟ್ಟಾಗ ವಾಸಿಯಾಗುತ್ತಿತ್ತು. ಮತ್ತೆ ಹಾಕಿಕೊಂಡ ಎರಡೇ ದಿನಕ್ಕೆ ಮತ್ತೆ ತುರಿಕೆ.

“ಚಿನ್ನದ ಓಲೆ ಕಣೇ, ನನ್ನ ಮದುವೇಲಿ ಕೊಟ್ಟಿದ್ದು. ಇಷ್ಟು ದಿನ ಇಲ್ಲದ್ದು ಈಗ್ಯಾಕೆ?” ಅಂತ ಕೇಳಿದರು.

ಎರಡು ಓಲೆಗಳನ್ನೂ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದೆ. ಬಲಗಿವಿಯ ತಿರುಪು ಚಿನ್ನದ್ದು. ಎಡಗಡೆಯದು ಎರಡು ವರ್ಷದ ಹಿಂದೆ ಕಳೆದುಹೋಗಿ, ಫ್ಯಾನ್ಸಿ ಸ್ಟೋರಿನಿಂದ ತಂದ ತಿರುಪು. ಮೇಲಿನ ಚಿನ್ನದ ನೀರು ಸವೆದು ಒಳಗಿನ ಬಿಳಿ ಲೋಹ ಕಾಣುತ್ತಿತ್ತು. ಹುಣ್ಣು ಇದ್ದದ್ದೂ ಸರಿಯಾಗಿ ಆ ತಿರುಪು ಒತ್ತುವ ಜಾಗದಲ್ಲೇ. ಬಲಗಿವಿ ಶುಭ್ರವಾಗಿತ್ತು. ಆ ಬಿಳಿ ಲೋಹದಲ್ಲಿ ನಿಕ್ಕಲ್ ಇದ್ದಿರಬೇಕು.

ಲೋಹಗಳಿಂದ ಬರುವ ಚರ್ಮದ ಅಲರ್ಜಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ನಿಕ್ಕಲ್‌ನದು. ಹಿಂದೆ ಜರ್ಮನಿಯ ಗಣಿ ಕೆಲಸಗಾರರಿಗೆ ತಾಮ್ರದಂತೆ ಕಾಣುವ ಒಂದು ಅದಿರು ಸಿಗುತ್ತಿತ್ತು. ಎಷ್ಟು ಕಾಯಿಸಿದರೂ ಅದರಿಂದ ತಾಮ್ರ ಬರುತ್ತಿರಲಿಲ್ಲ. ಇದು ಯಾವುದೋ ಕುಚೇಷ್ಟೆಯ ಭೂತದ ಕೆಲಸ ಅಂದುಕೊಂಡು ಅದಕ್ಕೆ ಆ ಭೂತದ ಹೆಸರನ್ನೇ ಸೇರಿಸಿ ಕರೆದರು. 1751ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಆ ಬಗೆಯ ಅದಿರಿನಿಂದ ಹೊಸ ಲೋಹವನ್ನು ಬೇರ್ಪಡಿಸಿದಾಗ ‘ನಿಕ್ಕಲ್’ ಅನ್ನುವ ಹೆಸರು ಅದಕ್ಕೇ ಉಳಿಯಿತು. ‘ಅಲರ್ಜಿ’ ಅನ್ನುವ ಪದ ಇನ್ನೂ ಈಚಿನದು. 1906ರಲ್ಲಿ ಆಸ್ಟ್ರಿಯಾದ ವೈದ್ಯ ಫಾನ್ ಪಿರ್ಕೆ ‘ಬೇರೆ’ ಮತ್ತು ‘ಕೆಲಸ’ ಅನ್ನುವ ಎರಡು ಗ್ರೀಕ್ ಮಾತು ಸೇರಿಸಿ ಅದನ್ನು ಕಟ್ಟಿದರು. ಮೈ ಮೊದಲಿನಂತೆ ನಡೆದುಕೊಳ್ಳದೆ ಬೇರೆ ರೀತಿ ನಡೆದುಕೊಳ್ಳುವುದು ಅಂತ ಅರ್ಥ.

ನಾವು ‘ಮೈಗೆ ಒಗ್ಗಲ್ಲ’ ಅನ್ನುತ್ತೇವಲ್ಲ, ಅದು ಇದಕ್ಕೆ ಹತ್ತಿರದ ಮಾತು. ಆದರೆ ಆ ಮಾತಿನಲ್ಲಿ ಒಂದು ತೊಡಕಿದೆ. ಒಗ್ಗದ್ದು ಮೊದಲ ದಿನವೇ ಗೊತ್ತಾಗಬೇಕು ಅಂದುಕೊಳ್ಳುತ್ತೇವೆ. ಅಲರ್ಜಿ ಹಾಗಲ್ಲ. ಬೆವರು ಲೋಹದಿಂದ ನಿಕ್ಕಲನ್ನು ಚೂರುಚೂರೇ ಕರಗಿಸುತ್ತದೆ. ಅದು ಚರ್ಮದೊಳಗೆ ಇಳಿಯುತ್ತದೆ. ಮೈ ಕಾಯುವ ಬಿಳಿ ರಕ್ತಕಣಗಳು ಯಾವತ್ತೋ ಒಂದು ದಿನ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತವೆ. ಅದಕ್ಕೆ ವಾರಗಳಾಗಬಹುದು, ವರ್ಷಗಳೂ ಆಗಬಹುದು. ಒಮ್ಮೆ ಗುರುತು ಹಾಕಿಕೊಂಡರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಇದೇ.

ಇನ್ನೊಂದು ತೊಡಕು, ತುರಿಕೆ ತಡವಾಗಿ ಬರುವುದು. ಲೋಹ ತಾಗಿದ ಒಂದೆರಡು ದಿನದ ಮೇಲೆ ಚರ್ಮ ಕೆರಳುತ್ತದೆ. ಭಾನುವಾರ ಮದುವೆಗೆ ಒಂದು ಗ್ರಾಂ ಚಿನ್ನದ ಸರ ಹಾಕಿ, ಮಂಗಳವಾರ ಕತ್ತು ಕೆರೆದುಕೊಂಡರೆ ತಪ್ಪು ಸರದ್ದು ಅಂತ ಯಾರಿಗೆ ಹೊಳೆಯುತ್ತದೆ? ಊಟದ ಮೇಲೆ ಹೋಗುತ್ತದೆ ಅನುಮಾನ. ನಂಜು ಅನ್ನುವ ಪದ ಇಲ್ಲಿ ದಾರಿ ತಪ್ಪಿಸುತ್ತದೆ ಅಂತ ನನಗೆ ಬಲವಾಗಿ ಅನಿಸುವುದು ಇದಕ್ಕೇ. ಪಥ್ಯ ಮಾಡುತ್ತೇವೆ, ಲೋಹವನ್ನು ಮಾತ್ರ ಮೈಮೇಲೆ ಹಾಗೇ ಬಿಟ್ಟಿರುತ್ತೇವೆ.

ಹಾಗಾಗಿ ಮೊದಲು ಜಾಗ ನೋಡಿ. ಹೊಕ್ಕುಳ ಕೆಳಗೆ ರೂಪಾಯಿಯಗಲ ಕಪ್ಪಗಿದ್ದರೆ ಜೀನ್ಸ್ ಗುಂಡಿ. ಮಣಿಕಟ್ಟಿನಲ್ಲಾದರೆ ವಾಚಿನ ಬಕಲ್. ಎದೆಯ ಮೇಲೆ ಮಾಂಗಲ್ಯ ತಾಗುವ ಕಡೆ ಆದರೆ, ತಾಳಿಯನ್ನು ಬೈಯುವ ಮೊದಲು ಅದಕ್ಕೆ ಸಿಕ್ಕಿಸಿಕೊಂಡ ಪಿನ್ನುಗಳನ್ನು ನೋಡಿ. 916 ಗುರುತಿನ ಚಿನ್ನದಲ್ಲಿ ನೂರಕ್ಕೆ 91.6 ಭಾಗ ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಅದರಿಂದ ತೊಂದರೆಯಾಗುವುದು ಅಪರೂಪ. ಆದರೆ ಬಿಳಿ ಚಿನ್ನದಲ್ಲಿ ನಿಕ್ಕಲ್ ಇರಬಹುದು, ಕೇಳಿ ತಗೊಳ್ಳಿ.

ಸ್ಟೀಲ್ ಪಾತ್ರೆಯಲ್ಲೂ ನಿಕ್ಕಲ್ ಇದೆಯಲ್ವಾ? ಇದೆ. ಆದರೆ ಒಳ್ಳೆಯ ಸ್ಟೀಲ್ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಲೋಹದಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಹೊರಬರುತ್ತದೆ ಅನ್ನುವುದು ಮುಖ್ಯ. ಯುರೋಪಿನ ಕಾನೂನು ಅಳೆಯುವುದೂ ಅದನ್ನೇ. ಚರ್ಮಕ್ಕೆ ತಾಗಿಕೊಂಡೇ ಇರುವ ವಸ್ತುವಿನ ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ ಅರ್ಧ ಮೈಕ್ರೋಗ್ರಾಂಗಿಂತ ಜಾಸ್ತಿ ನಿಕ್ಕಲ್ ಬರಬಾರದು. ಲೋಟ, ತಟ್ಟೆ ಬಿಸಾಡುವುದು ಬೇಡ.

ಖಚಿತವಾಗಿ ತಿಳಿಯಲು ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಇದೆ. ಬೇರೆ ಬೇರೆ ಪದಾರ್ಥದ ಪಟ್ಟಿಗಳನ್ನು ಬೆನ್ನಿಗೆ ಅಂಟಿಸುತ್ತಾರೆ. ಎರಡು ದಿನ ಬೆನ್ನು ನೆನೆಯಬಾರದು. ಪಟ್ಟಿ ತೆಗೆದು ಒಮ್ಮೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಗಾರೆ ಕೆಲಸದವರ ಕೈ ಒಡೆದು ತುರಿಸುವುದಕ್ಕೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಕಾರಣವೋ ಅಂತಲೂ ಹೀಗೇ ಗೊತ್ತಾಗುತ್ತದೆ.

ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸುಮ್ನೆ ಯಾವುದೋ ಟ್ಯೂಬ್ ತಂದು ತಿಂಗಳುಗಟ್ಟಲೆ ಹಚ್ಚಬೇಡಿ, ದಯವಿಟ್ಟು. ಅಂಥವುಗಳಲ್ಲಿ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ. ಚರ್ಮ ತೆಳ್ಳಗಾಗುತ್ತದೆ. ಅದು ಅಲರ್ಜಿಯಲ್ಲದೆ ಹುಳುಕಡ್ಡಿಯಾಗಿದ್ದರೆ ಇನ್ನೂ ಹರಡುತ್ತದೆ. ಡಾಕ್ಟರು ಬರೆದುಕೊಟ್ಟ ಮುಲಾಮು, ಹೇಳಿದಷ್ಟೇ ದಿನ. ಬಕಲ್‌ಗೆ, ಗುಂಡಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದರೆ ಸ್ವಲ್ಪ ದಿನ ತಡೆಯುತ್ತದೆ, ಸವೆದಂತೆ ಮತ್ತೆ ಹಚ್ಚಬೇಕು. ಮಂಡಿಗೆ ಲೋಹದ ಕೀಲು, ಹಲ್ಲಿಗೆ ತಂತಿ ಹಾಕಿಸುವ ಮುಂಚೆ ಈ ಅಲರ್ಜಿಯ ವಿಷಯ ಡಾಕ್ಟರಿಗೆ ತಿಳಿಸಿ.

ಈ ಅಲರ್ಜಿ ಶುರುವಾಗುವುದು ಎಷ್ಟೋ ಸಲ ಕಿವಿ ಚುಚ್ಚಿಸಿದಾಗಲೇ. ಹಸಿ ಗಾಯಕ್ಕೆ ನೇರವಾಗಿ ಲೋಹ ತಾಗುತ್ತದಲ್ಲ. ದೊಡ್ಡಮ್ಮ ಅಕ್ಕಸಾಲಿಯ ಹತ್ತಿರ ಹೊಸ ತಿರುಪು ಮಾಡಿಸಿಕೊಂಡರು, ಮೂರು ವಾರದಲ್ಲಿ ಕಿವಿ ಒಣಗಿತು. ಮೊನ್ನೆ ಮೊಮ್ಮಗಳ ಕಿವಿ ಚುಚ್ಚಿಸುವಾಗ “ತಿರುಪೂ ಚಿನ್ನದ್ದೇ ತಾನೇನಪ್ಪಾ?” ಅಂತ ಅಕ್ಕಸಾಲಿಯನ್ನು ಎರಡೆರಡು ಸಲ ಕೇಳಿದರು.